ಒಂದೇ ನೀಲಿ, ಎರಡು ಪವಾಡ

ಪೇಂಟು ಡಬ್ಬಿಯಲ್ಲಿ, ಮುದ್ರಣದ ಶಾಯಿಯಲ್ಲಿ ನಾವು ದಿನಾ ಕಾಣುವ ನೀಲಿ ಬಣ್ಣವೇ ಬಿಸಿಲನ್ನು ಕರೆಂಟು ಮಾಡುತ್ತದೆ ಎಂದರೆ ನಂಬುತ್ತೀರಾ? ಆ ನೀಲಿಯ ಹೆಸರು ಕಾಪರ್ ಥ್ಯಾಲೊಸಯನೈನ್. ಅದರಿಂದ ಕರೆಂಟು ತೆಗೆದವರು ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ, ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಪಡೆದು, 1975ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಕೊಡಕ್ ಪ್ರಯೋಗಾಲಯ ಸೇರಿದ ಚಿಂಗ್ ಟಾಂಗ್. ಹೌದು, ಫಿಲ್ಮ್ ರೋಲಿನ ಅದೇ ಕೊಡಕ್!

ಟಾಂಗ್ ಹೆಸರಿನಲ್ಲಿ ಎಂಬತ್ತಕ್ಕೂ ಹೆಚ್ಚು ಅಮೆರಿಕನ್ ಪೇಟೆಂಟುಗಳಿವೆ. ಅವುಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ಓದಿದರೆ ಮೈ ಜುಮ್ಮೆನ್ನುತ್ತದೆ. 1979ರದ್ದು ಸೌರಕೋಶಕ್ಕೆ, 1982ರದ್ದು ದೀಪಕ್ಕೆ. ಎರಡರಲ್ಲೂ ಅದೇ ಜಾತಿಯ ನೀಲಿ!

ಸೌರಕೋಶದ ಗುಟ್ಟು ನೋಡಿ. ಈ ನೀಲಿಯಂಥ ಇಂಗಾಲದ ಸಂಯುಕ್ತಗಳ ಅಣುಗಳ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನು ಜಾಗ ಬಿಟ್ಟು ಏಳುತ್ತದೆ, ನಿಜ. ಆದರೆ ತಾನು ಬಿಟ್ಟ ಖಾಲಿ ಜಾಗದ ಸೆಳೆತ ಅದನ್ನು ಬಿಡುವುದಿಲ್ಲ. ಕ್ಷಣದಲ್ಲಿ ಮರಳಿ ಬೀಳುತ್ತದೆ, ಕರೆಂಟು ಹುಟ್ಟುವುದು ತೀರಾ ಅಲ್ಪ. ಟಾಂಗ್ ಒಂದು ಪದರದ ಬದಲು ಎರಡಿಟ್ಟರು. ಒಂದು ನೀಲಿ, ಇನ್ನೊಂದು ಪೆರಿಲೀನ್ ಬಳಗದ ಬಣ್ಣ. ಎರಡೂ ತಾಗುವ ಗಡಿಯಲ್ಲಿ ಎಲೆಕ್ಟ್ರಾನು ಆಚೆ ಜಿಗಿಯುತ್ತದೆ, ಖಾಲಿ ಜಾಗ ಈಚೆ ಉಳಿಯುತ್ತದೆ. ಬೇರಾದವು! 1986ರಲ್ಲಿ ಪ್ರಕಟಿಸಿದ ಕೋಶದ ದಕ್ಷತೆ ಸುಮಾರು ಶೇ. 1. ಸಿಲಿಕಾನಿನ ಮುಂದೆ ಅದೇನೂ ಅಲ್ಲ, ಆದರೆ ಬಣ್ಣದ ಪುಡಿಯೊಂದು ಅಷ್ಟು ದೂರ ಬಂದದ್ದು ಅದೇ ಮೊದಲು.

ಈಗ ಅದನ್ನೇ ತಿರುವುಮುರುವು ಮಾಡಿ. ಬೆಳಕು ಕೊಡಬೇಡಿ, ಕರೆಂಟು ಕೊಡಿ. ಒಂದು ಬದಿಯಿಂದ ಎಲೆಕ್ಟ್ರಾನು, ಇನ್ನೊಂದು ಬದಿಯಿಂದ ಖಾಲಿ ಜಾಗ ಬಂದು, ಅಲ್ಲಿ ಬೇರಾದವು ಇಲ್ಲಿ ಕೂಡಿಕೊಂಡರೆ? ಬೆಳಕು!

1987ರಲ್ಲಿ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ದೀಪ ಅಂಥದ್ದು. ಅದರಲ್ಲೂ ಎರಡು ಪದರ, ಎರಡೂ ಸೇರಿದರೂ ಕೂದಲಿನ ದಪ್ಪದ ಸುಮಾರು ಐನೂರರಲ್ಲೊಂದು ಪಾಲು! 1960ರ ದಶಕದಲ್ಲಿ ಆಂಥ್ರಸೀನ್ ಹರಳನ್ನು ಬೆಳಗಿಸಲು ನೂರಾರು ವೋಲ್ಟ್ ಬೇಕಿತ್ತು. ಇವರಿಗೆ 10 ವೋಲ್ಟ್‌ಗಿಂತ ಕಡಿಮೆ ಸಾಕಾಯಿತು. ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಅದರ ಋಣಧ್ರುವ. ಮೆಗ್ನೀಸಿಯಂ ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಕೊಡುತ್ತದೆ, ಆದರೆ ಗಾಳಿ ಸೋಕಿದರೆ ಕೆಡುತ್ತದೆ. ಹಾಗಾಗಿ ಅದಕ್ಕೆ ಚೂರು ಬೆಳ್ಳಿ ಬೆರೆಸಿದರು. ಅಷ್ಟೇ! ಹಸಿರು ಬೆಳಕು ಹಗಲಿನಲ್ಲೂ ಕಾಣುವಷ್ಟು ಹೊಳೆಯಿತು.

ಅದೇ ಇಂದಿನ ಒಎಲ್‌ಇಡಿ. ಅದರ ಪರದೆ ಹೊತ್ತು ಬಂದವು 1997ರಲ್ಲಿ ಪಯನಿಯರ್ ಕಾರ್ ಸ್ಟೀರಿಯೊ, 2003ರಲ್ಲಿ ಕೊಡಕ್‌ನದೇ ಕ್ಯಾಮೆರಾ, 2007ರಲ್ಲಿ ಸೋನಿಯ ಟಿವಿ, ಆಮೇಲೆ ನಮ್ಮ ಕೈಯ ಮೊಬೈಲುಗಳು.

ಸೌರಕೋಶವೂ ಸುಮ್ಮನೆ ಕುಳಿತಿಲ್ಲ. ಬೇರೆ ಬೇರೆ ಅಣುಗಳೊಂದಿಗೆ, ಆದರೆ ಎರಡು ವಸ್ತುಗಳ ಗಡಿಯಲ್ಲಿ ಬೇರ್ಪಡಿಸುವ ಟಾಂಗ್ ಉಪಾಯದಿಂದಲೇ, ಪ್ರಯೋಗಾಲಯದ ಕೋಶಗಳು ಈಗ ಶೇ. 19 ದಾಟಿವೆ!