ಫೇಸ್‌ಬುಕ್ ಜಾಹೀರಾತು: ಯಾವಾಗ, ಯಾರಿಗೆ?



ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸುವಂತೆ ಈ ಸಲ ಕರಪತ್ರದ ಜೊತೆಗೆ ಫೇಸ್‌ಬುಕ್‌ನಲ್ಲೂ ಹಣ ಕೊಟ್ಟು ಜಾಹೀರಾತು ಹಾಕೋಣವೇ ಎಂದು ಕೆಲವು ಘಟಕದವರು ಕೇಳಿದ್ದಾರೆ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ತರಗತಿಯೇ ಹೋಗುತ್ತದೆ. ಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಕಬಹುದು. ಆದರೆ ಇರುವ ಸ್ವಲ್ಪ ಹಣ ಸರಿಯಾದ ಮನೆಗೆ ಮುಟ್ಟಬೇಕು.

ಮೊದಲು ಸ್ಥಳ. ಒಂದು ಊರನ್ನು ಆರಿಸಿ, ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯಬಹುದು. ಗಡಿಯ ಫಜೀತಿ ಇಲ್ಲೇ ಶುರು. ಹೊಸೂರಿನ ಸುತ್ತ 40 ಕಿಲೋಮೀಟರ್ ಎಂದು ಕೊಟ್ಟರೆ ಬೆಂಗಳೂರಿನ ದೊಡ್ಡ ಭಾಗ ಒಳಗೆ ಬಂತು; ಅಲ್ಲಿ ಜನ ಹೆಚ್ಚು, ಹಣವೆಲ್ಲ ಅಲ್ಲೇ ಕರಗಿತು. ಕಾಸರಗೋಡಿನ ಸುತ್ತ ದೊಡ್ಡ ವೃತ್ತ ಎಳೆದರೆ ಸುಮಾರು ಅರ್ಧ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಪಾಲು ಮಂಗಳೂರಿಗೆ. ಆದ್ದರಿಂದ ನಕ್ಷೆಯಲ್ಲಿ ಶಾಲೆ ಇರುವಲ್ಲೇ ಗುರುತಿಟ್ಟು ಸಣ್ಣ ವೃತ್ತ ಎಳೆಯಿರಿ. ಬೇಡದ ಊರನ್ನು ಹೊರಗಿಡುವ ಸೌಲಭ್ಯವೂ ಇದೆ.

'ಭಾಷೆ' ಎಂಬ ಕಾಲಂ ಕಂಡ ಕೂಡಲೇ ಕನ್ನಡ ಒತ್ತಲು ಕೈ ಹೋಗುತ್ತದೆ. ಒತ್ತಬೇಡಿ ಎಂಬುದು ನಮ್ಮ ಸಲಹೆ. ಅದು ಮನೆಮಾತನ್ನು ಕೇಳುವುದಿಲ್ಲ. ಫೇಸ್‌ಬುಕ್ಕನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ. ಅಕ್ಕಲಕೋಟೆಯಲ್ಲಿ ಮನೆಯೊಳಗೆ ಕನ್ನಡವೇ ಆಡುವ ತಾಯಿಯ ಫೋನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಕನ್ನಡ ಒತ್ತಿದರೆ ನಮಗೆ ಬೇಕಾದ ಆ ತಾಯಿಯೇ ಬಿಟ್ಟುಹೋಗುತ್ತಾರೆ. ಇನ್ನೊಂದು ಮಾತು: ಕನ್ನಡ ಆಡಿದರೂ ಓದಲು ಬಾರದ ಪೋಷಕರು ನಮ್ಮಲ್ಲಿ ಇದ್ದಾರೆ. ಕನ್ನಡದ ಕೆಳಗೆ ಒಂದು ಸಾಲು ಮರಾಠಿ, ಮಲಯಾಳಂ ಇಲ್ಲವೇ ತಮಿಳು ಹಾಕಲು ಮುಜುಗರ ಬೇಡ. ಟೀಚರೊಬ್ಬರು ಮಾತಾಡುವ ಅರ್ಧ ನಿಮಿಷದ ವಿಡಿಯೋ ಆದರೆ ಇನ್ನೂ ಒಳ್ಳೆಯದು.

ವಯಸ್ಸು 24ರಿಂದ 40 ಸಾಕು. ನಮ್ಮ ವಯಸ್ಸಿನವರು ಮೆಚ್ಚುತ್ತಾರೆ, ಹಂಚುತ್ತಾರೆ. ಒಂದನೇ ತರಗತಿಗೆ ಸೇರಿಸಲು ನಮ್ಮಲ್ಲಿ ಮಕ್ಕಳಿಲ್ಲ.

ಇನ್ನು ಸಮಯ. ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಆರಂಭಕ್ಕೆ, ಸೊಲ್ಲಾಪುರದ ಕಡೆ ಸಾಮಾನ್ಯವಾಗಿ ಜೂನ್ ನಡುವಿಗೆ. ಅಷ್ಟರೊಳಗೆ ಇಂಗ್ಲಿಷ್ ಮಾಧ್ಯಮದವರು ಫೀಸು ಕಟ್ಟಿಸಿಕೊಂಡು ಆಗಿರುತ್ತದೆ. ಜೂನ್‌ನಲ್ಲಿ ಜಾಹೀರಾತು ಹಾಕುವುದು ಜಾತ್ರೆ ಮುಗಿದ ಮೇಲೆ ತೇರು ಎಳೆದಂತೆ. ಏಪ್ರಿಲ್ ಕೊನೆ, ಮೇ ಮೊದಲ ವಾರ ಸರಿಯಾದ ಹೊತ್ತು. 3,000 ರೂಪಾಯಿ ಇದ್ದರೆ ದಿನಕ್ಕೆ 100ರಂತೆ ತಿಂಗಳಿಡೀ ಎಳೆಯುವ ಬದಲು ದಿನಕ್ಕೆ 300ರಂತೆ ಹತ್ತು ದಿನ ಹಾಕುವುದು ನಮಗೆ ಮೇಲೆನಿಸುತ್ತದೆ. (ಶೇಕಡಾ 18 ಜಿಎಸ್‌ಟಿ ಬೇರೆ, ಖಜಾಂಚಿಗಳು ಗಮನಿಸಿ.) ಯಾರಿಗೆ ತೋರಿಸಿದರೆ ಫಲ ಎಂಬುದನ್ನು ಆ ವ್ಯವಸ್ಥೆ ಮೊದಲ ಕೆಲವು ದಿನ ಕಲಿಯುತ್ತಿರುತ್ತದೆ. ನಡುವೆ ಚಿತ್ರ, ಊರು, ಹಣ ಬದಲಿಸುತ್ತ ಹೋದರೆ ಕಲಿಕೆ ಮತ್ತೆ ಮೊದಲಿನಿಂದ. ಪರಿಶೀಲನೆಗೆ ಸಾಮಾನ್ಯವಾಗಿ 24 ಗಂಟೆ, ಕೆಲವೊಮ್ಮೆ ಹೆಚ್ಚು ಹಿಡಿಯುವುದರಿಂದ ಎರಡು ದಿನ ಮೊದಲೇ ಸಲ್ಲಿಸಿ. ಬೆಳಗ್ಗೆಯೋ ರಾತ್ರಿಯೋ ಎಂಬ ಲೆಕ್ಕಾಚಾರ ಇಷ್ಟು ಸಣ್ಣ ಹಣಕ್ಕೆ ಬೇಕಿಲ್ಲ.

ಪ್ರತಿ ಘಟಕದವರು ತಮ್ಮ ಶಾಲೆಯ ಹೆಸರು, ದಾಖಲಾತಿ ಶುರುವಾಗುವ ದಿನ, ಮಕ್ಕಳು ಯಾವ ಯಾವ ಹಳ್ಳಿಗಳಿಂದ ಬರುತ್ತಾರೆ ಎಂಬುದನ್ನು ಏಪ್ರಿಲ್ 10ರೊಳಗೆ ಕಚೇರಿಗೆ ಬರೆದು ಕಳುಹಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ