ಚಪ್ಪಟೆ ತಳವೋ, ಚೂಪು ತಳವೋ?

ಪ್ರಶ್ನೆ: ಒಂದೇ ಉದ್ದದ ಎರಡು ಮೋಟಾರು ದೋಣಿಗಳಲ್ಲಿ ಒಂದು ನಿಂತಾಗ ಅಲುಗಾಡುವುದಿಲ್ಲ, ಇನ್ನೊಂದು ಓಡುವಾಗ ಕುಲುಕುವುದಿಲ್ಲ. ಯಾಕೆ? ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನಂಥ ಕಡೆ ಸಂಸಾರ ಸಮೇತ ಹೋಗಲು ಯಾವುದು ಸರಿ?

ವ್ಯತ್ಯಾಸವಿರುವುದು ನೀರಿನೊಳಗೆ ಮುಳುಗಿರುವ ತಳದಲ್ಲಿ. ಒಂದರ ತಳ ಚಪ್ಪಟೆ. ಇನ್ನೊಂದರದು ನಡುವೆ ಚೂಪಾಗಿ ಇಳಿದಿರುತ್ತದೆ.

ಯಾರಾದರೂ ಒಂದು ಬದಿಗೆ ಸರಿದು ಕೂತರೆ ದೋಣಿ ಅತ್ತ ವಾಲುತ್ತದೆ. ಚಪ್ಪಟೆ ತಳದ ಅಗಲವಾದ ಅಂಚು ಕೂಡಲೇ ನೀರಿಗಿಳಿದು ಹೆಚ್ಚು ನೀರನ್ನು ಸರಿಸುತ್ತದೆ. ಸರಿದ ನೀರಿನ ತೂಕದಷ್ಟೇ ಬಲ ಆ ಬದಿಯನ್ನು ಮೇಲಕ್ಕೆ ನೂಕುತ್ತದೆ. ಚೂಪು ತಳದ ಬದಿ ಇಳಿಜಾರು. ಅಷ್ಟೇ ನೀರು ಸರಿಸಲು ಅದು ಇನ್ನಷ್ಟು ವಾಲಬೇಕು.

ಓಡುವಾಗ ಲೆಕ್ಕ ತಿರುಗುಮುರುಗು. ಬಕೆಟ್ಟಿನ ನೀರಿಗೆ ಅಂಗೈ ಅಗಲಿಸಿ ಬಡಿದು ನೋಡಿ, ಚುರುಗುಟ್ಟುತ್ತದೆ. ಕಿರುಬೆರಳ ಕಡೆಯ ಅಂಚಿನಿಂದ ಹೊಡೆದರೆ ಕೈ ಸಲೀಸಾಗಿ ಇಳಿಯುತ್ತದೆ. ಚಪ್ಪಟೆ ತಳ ಅಲೆಗೆ ಬಡಿಯುತ್ತದೆ, ಚೂಪು ತಳ ಸೀಳುತ್ತದೆ. ಆದರೆ ಸೀಳುವ ದೋಣಿಗೆ ನೀರಿನ ಆಳವೂ ಎಂಜಿನ್ನಿನ ಬಲವೂ ಹೆಚ್ಚು ಬೇಕು.

ಇನ್ನು ಕಬಿನಿ ಹಿನ್ನೀರಿನ ಮಾತು. ಅದನ್ನು ನಿಲ್ಲಿಸಿರುವ ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಆಗ ಮುಳುಗಿದ ಕಾಡಿನ ಒಣಮರಗಳು ಬೇಸಿಗೆಯಲ್ಲಿ ನೀರು ತಗ್ಗಿದಾಗ ಇಂದಿಗೂ ತಲೆ ಎತ್ತುತ್ತವೆ. ನೀರಿನಡಿಯಲ್ಲೇ ಉಳಿದ ಬೊಡ್ಡೆಗಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇಂಥ ಕಡೆ, ಮಕ್ಕಳು ಹತ್ತಿ ಇಳಿಯುವ ದೋಣಿಗೆ ನನ್ನ ಮತ ಚಪ್ಪಟೆ ತಳಕ್ಕೇ. ನಮ್ಮ ಹರಿಗೋಲಿನ ತಳವೂ ಅಂಥದ್ದೇ ಅಲ್ಲವೇ? ಮುಂಗಾರಿನ ಗಾಳಿ ಎದ್ದ ದಿನ ಮಾತ್ರ ಚಪ್ಪಟೆ ತಳದ ದೋಣಿಯನ್ನು ನೀರಿಗಿಳಿಸಬೇಡಿ. ಗಾಳಿಯಿಲ್ಲದ ದಿನವೂ ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಲಿ.