ನಿಮಗಿಂತ ತುಸು ಹಿರಿಯ ಅಂಡಾಣು

ಮೂವತ್ತೆಂಟರ ಓದುಗರೊಬ್ಬರ ಪ್ರಶ್ನೆ: ‘ಮುಟ್ಟು ತಿಂಗಳು ತಿಂಗಳೂ ಸರಿಯಾಗಿ ಆಗುತ್ತದೆ, ಬಿಪಿ ಶುಗರ್ ಏನೂ ಇಲ್ಲ. ಆದರೂ ಮಗು ಬೇಕೆಂದರೆ ಡಾಕ್ಟರು ವಯಸ್ಸಿನ ಮಾತೇ ಎತ್ತುತ್ತಾರಲ್ಲ, ಯಾಕೆ?’

ಮುಟ್ಟು ಸರಿಯಾಗಿದ್ದರೆ ಅಂಡಾಣು ಬಿಡುಗಡೆಯಾಗುತ್ತಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಅದರ ಒಳಗೇನಿದೆ ಎಂಬುದು ತಿಳಿಯುವುದಿಲ್ಲ. ಆ ಒಳಗಿನ ಕಥೆ ನಾನು ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುವಂಥದ್ದು.

ಗಂಡಸಿನ ದೇಹ ವೀರ್ಯಾಣುಗಳನ್ನು ದಿನವೂ ಹೊಸದಾಗಿ ಹುಟ್ಟಿಸುತ್ತಿರುತ್ತದೆ. ಹೆಣ್ಣಿನದು ಹಾಗಲ್ಲ. ಆಕೆ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಭ್ರೂಣವಾಗಿದ್ದಾಗಲೇ ಅವಳ ಅಂಡಾಶಯಗಳಲ್ಲಿ 60-70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವಾಗ 10-20 ಲಕ್ಷ ಉಳಿದಿರುತ್ತವೆ, ಮೈನೆರೆಯುವಾಗ 3-4 ಲಕ್ಷ. ಇವು ಗರ್ಭದಲ್ಲೇ ವಿಭಜನೆ ಶುರುಮಾಡಿ ಅರ್ಧಕ್ಕೆ ನಿಂತುಬಿಡುತ್ತವೆ. ನಿಂತ ವಿಭಜನೆ ಮುಂದುವರಿಯುವುದು ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. ಅಂದರೆ ಈ ಓದುಗರ ಈ ತಿಂಗಳ ಅಂಡಾಣು ಮೂವತ್ತೆಂಟು ವರ್ಷಕ್ಕೂ ಮಿಗಿಲಾಗಿ ಕಾದು ಕೂತಿದೆ!

ಅಷ್ಟೂ ಕಾಲ ಅದರ ವರ್ಣತಂತುಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಕೊಹೆಸಿನ್ ಎಂಬ ಪ್ರೊಟೀನು. ಹಳೆಯ ಹಾರದ ನೂಲಿನಂತೆ ಇದು ವರ್ಷ ಕಳೆದಂತೆ ಸಡಿಲವಾಗುತ್ತದೆ. ಸವೆದದ್ದನ್ನು ಅಂಡಕೋಶ ಹೊಸದಾಗಿ ತುಂಬಿಕೊಳ್ಳುವುದಿಲ್ಲವೆಂದು 2010ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಹಿಡಿತ ಸಡಿಲವಾದರೆ ಹಂಚಿಕೆ ತಪ್ಪುತ್ತದೆ: 23 ವರ್ಣತಂತು ಇರಬೇಕಾದಲ್ಲಿ 22 ಅಥವಾ 24. ಅಂಥ ಭ್ರೂಣಗಳಲ್ಲಿ ಹೆಚ್ಚಿನವು ಗರ್ಭಕೋಶದಲ್ಲಿ ಅಂಟಿಕೊಳ್ಳುವುದೇ ಇಲ್ಲ, ಇಲ್ಲವೇ ಮೊದಲ ತಿಂಗಳುಗಳಲ್ಲೇ ಜಾರಿಹೋಗುತ್ತವೆ.

ಇದನ್ನು ನಮ್ಮ ಮನೆಗಳಲ್ಲಿ ಕೂಗಿ ಹೇಳಬೇಕು. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಇಂಥ ವರ್ಣತಂತುಗಳ ಎಡವಟ್ಟು. ಆಕೆ ಕೊಡ ಎತ್ತಿದ್ದಲ್ಲ, ಒಂದು ಹೋಳು ಪಪ್ಪಾಯಿ ತಿಂದದ್ದಲ್ಲ, ಸರ್ಪದೋಷವಂತೂ ಅಲ್ಲವೇ ಅಲ್ಲ. ನೊಂದು ಮಲಗಿದವಳ ತಲೆಗೆ ದೋಷ ಕಟ್ಟಿ ಶಾಂತಿ ಮಾಡಿಸಲು ಓಡುವುದು ಕ್ರೌರ್ಯ.

ಗರ್ಭಕೋಶಕ್ಕೆ ವಯಸ್ಸು ಇಷ್ಟು ಬಿಗಿಯಾಗಿ ತಟ್ಟುವುದಿಲ್ಲ. ದಾನವಾಗಿ ಬಂದ ಅಂಡಾಣುವಿನಿಂದ ಐವಿಎಫ್ ಮಾಡಿಸಿದಾಗ ಯಶಸ್ಸು ಹೆಚ್ಚಾಗಿ ದಾನಿಯ ವಯಸ್ಸನ್ನು ಅವಲಂಬಿಸುತ್ತದೆ, ಹೊರುವವಳದ್ದನ್ನಲ್ಲ. ನಲವತ್ತೈದು ದಾಟಿ ಹೆತ್ತ ನಟಿಯರ ಸುದ್ದಿ ಓದುವಾಗ ಇದು ನೆನಪಿರಲಿ. ನಮ್ಮಲ್ಲಿ 2021ರ ಕಾಯ್ದೆ ಇಂಥ ಚಿಕಿತ್ಸೆಗೆ ಹೆಂಗಸರಿಗೆ 50, ಗಂಡಸರಿಗೆ 55 ವರ್ಷದ ಮಿತಿ ಹಾಕಿದೆ.

ಇನ್ನು ಎಎಂಎಚ್ ಎಂಬ ಹಾರ್ಮೋನಿನ ರಿಪೋರ್ಟು ಕಡಿಮೆ ಬಂತೆಂದು ಅಳುವವರಿಗೆ: ಅದು ಉಳಿದಿರುವ ಅಂಡಾಣುಗಳ ಅಂದಾಜು, ಗುಣಮಟ್ಟದ್ದಲ್ಲ. ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವರ್ಷದ ಅಮೆರಿಕದ ಹೆಂಗಸರನ್ನು ಗಮನಿಸಿದ 2017ರ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಸಹಜವಾಗಿ ಗರ್ಭ ಧರಿಸುವುದರಲ್ಲಿ ಹಿಂದೆ ಬೀಳಲಿಲ್ಲ.

ಹಾಗಾಗಿ, ತಂಗೀ, ಹೆದರಬೇಡಿ, ಆದರೆ ಕಾಯಲೂಬೇಡಿ. ಮೂವತ್ತೈದು ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ ತಪಾಸಣೆಗೆ ಹೋಗಬೇಕು. ಯಜಮಾನರನ್ನೂ ಕರೆದುಕೊಂಡೇ ಹೋಗಿ: ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ವೀರ್ಯ ಪರೀಕ್ಷೆಯಾದರೋ ಸುಲಭದ್ದು, ನೋವಿಲ್ಲದ್ದು.